‘ನನ್ನ ಪಾಸ್‌ವರ್ಡ್ ನನ್ನ ಬೆನ್ನ ಮೇಲೇ ಇದೆ’: ಮನೆಯ ವೈಫೈ ರೂಟರ್ ಜೊತೆ ಒಂದು ಸಂದರ್ಶನ

ರೂಟರ್ ಸಾಹೇಬರು ಮಾತಿಗೆ ಸಿಕ್ಕಿದ್ದು ಮಧ್ಯಾಹ್ನ ಎರಡೂವರೆಗೆ. ಅದಕ್ಕೆ ಮೊದಲು ಅವರಿಗೆ ಪುರಸೊತ್ತಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಮನೆಯ ಯಜಮಾನರ ಮೀಟಿಂಗ್, ಹತ್ತರಿಂದ ಯಜಮಾನಿಯವರ ಆಡಿಟ್ ಆಫೀಸಿನ ಲೆಕ್ಕಪತ್ರ, ಹನ್ನೊಂದಕ್ಕೆ ಅಜ್ಜಿಯ ಯೂಟ್ಯೂಬ್ ಪ್ರವಚನ, ಇವೆಲ್ಲದರ ನಡುವೆ ಮಗನ ಗೇಮ್ ಅಪ್‌ಡೇಟ್. ಬೆಂಗಳೂರಿನ ಬಸವೇಶ್ವರನಗರದ ಆ ಮನೆಯ ಶೋಕೇಸ್ ಮೇಲೆ, ಚನ್ನಪಟ್ಟಣದ ಬೊಂಬೆಗಳಿಗೂ ಮಗ ಎಲ್‌ಕೆಜಿಯಲ್ಲಿ ಗೆದ್ದ ಕಪ್ಪಿಗೂ ಮಧ್ಯೆ, ಎರಡು ಆಂಟೆನಾ ಎತ್ತಿಕೊಂಡು ಅವರು ಕೂತಿದ್ದರು. ಧೂಳು ಬೀಳದಿರಲೆಂದು ಅವರ ಮೇಲೆ ಕಸೂತಿಯ ಬಟ್ಟೆಯೊಂದನ್ನು ಹೊದಿಸಲಾಗಿತ್ತು.

“ಬಿಸಿಯಾಗಿ ಸಾಯ್ತಿದ್ದೀನಿ, ಮೊದಲು ಇದನ್ನು ತೆಗೀರಿ” ಎಂದರು. ಪತ್ರಿಕೆಯ ಪ್ರತಿನಿಧಿ ಬಟ್ಟೆ ಸರಿಸಿದ ಮೇಲೆಯೇ ಸಂದರ್ಶನ ಶುರುವಾಯಿತು.

ಪರಿಚಯ ಮಾಡಿಕೊಳ್ಳಿ ಎಂದಾಗ ಅವರು ನಕ್ಕರು. ಹಸಿರು ದೀಪ ಎರಡು ಸಲ ಮಿನುಗಿತು. “ನನ್ನ ಪರಿಚಯ ಯಾರಿಗಿಲ್ಲ ಹೇಳಿ? ಈ ಬೀದಿಯ ಎಲ್ಲ ಮೊಬೈಲ್‌ಗಳಲ್ಲೂ ನನ್ನ ಹೆಸರು ಬರುತ್ತೆ. ‘ಶ್ರೀನಿಧಿ ನಿಲಯ ಸೆಕೆಂಡ್ ಫ್ಲೋರ್’ ಅಂತ ನಾಮಕರಣ ಮಾಡಿದ್ದಾರೆ. ಕಳ್ಳ ಬಂದರೆ ವಿಳಾಸ ಹುಡುಕುವ ಕಷ್ಟವೂ ಇಲ್ಲ.”

ಹುದ್ದೆ?

“ಎರಡು ಕಚೇರಿಗಳ ಹೆಬ್ಬಾಗಿಲು. ಸಂಬಳ ಇಲ್ಲ, ರಜೆ ಇಲ್ಲ. ಯಜಮಾನರ ಕಂಪನಿ ಔಟರ್ ರಿಂಗ್ ರೋಡಿನಲ್ಲಿದೆಯಲ್ಲ, ಅಲ್ಲಿ ಗೇಟಿನಲ್ಲಿ ಇಬ್ಬರು ಸೆಕ್ಯುರಿಟಿಯವರು, ಕತ್ತಿನಲ್ಲಿ ಟ್ಯಾಗ್ ಇಲ್ಲದಿದ್ದರೆ ಲಿಫ್ಟ್ ತನಕವೂ ಬಿಡುವುದಿಲ್ಲ, ಬ್ಯಾಗಿನಲ್ಲಿ ಪೆನ್‌ಡ್ರೈವ್ ಇದ್ದರೆ ರಿಜಿಸ್ಟರಿನಲ್ಲಿ ಬರೆಸಬೇಕು. ವಾರಕ್ಕೆ ಮೂರು ದಿನ ಅದೇ ಕೆಲಸ, ಅದೇ ಲ್ಯಾಪ್‌ಟಾಪ್ ಇಲ್ಲಿರುತ್ತೆ. ಇಲ್ಲಿ ಗೇಟಿನಲ್ಲಿ ನಾನೊಬ್ಬನೇ. ಬ್ರಾಡ್‌ಬ್ಯಾಂಡ್ ಕನೆಕ್ಷನ್ ಜೊತೆ ಪುಕ್ಕಟೆ ಬಂದವನು.”

ಈ ಬಡ್ತಿ ಯಾವಾಗ ಸಿಕ್ಕಿತೆಂದು ಅವರಿಗೆ ಚೆನ್ನಾಗಿ ನೆನಪಿದೆ. 2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬಂದು ದೇಶಕ್ಕೆಲ್ಲ ಲಾಕ್‌ಡೌನ್ ಘೋಷಿಸಿದರು. ಆ ದಿನಗಳಲ್ಲಿ ಬೆಂಗಳೂರಿನ ಕಂಪನಿಗಳು ಲ್ಯಾಪ್‌ಟಾಪ್ ಸಾಲದೆ ಡೆಸ್ಕ್‌ಟಾಪ್‌ಗಳನ್ನೇ ಗಾಡಿಗೆ ಹೇರಿ ನೌಕರರ ಮನೆಗೆ ಕಳಿಸಿದವು. “ಮೊನ್ನೆಯವರೆಗೆ ಧಾರಾವಾಹಿ ಸಾಗಿಸುತ್ತಿದ್ದವನಿಗೆ ರಾತ್ರೋರಾತ್ರಿ ವಿದೇಶಿ ಬ್ಯಾಂಕಿನ ಸಾಫ್ಟ್‌ವೇರ್ ಸಾಗಿಸುವ ಜವಾಬ್ದಾರಿ. ಆದೇಶಪತ್ರ ಬರಲಿಲ್ಲ. ತರಬೇತಿ ಬರಲಿಲ್ಲ. ನಾನು ಬದುಕಿದ್ದೇನೋ ಇಲ್ಲವೋ ಅಂತ ಕಂಪನಿಯವರು ಇವತ್ತಿಗೂ ವಿಚಾರಿಸಿಲ್ಲ.”

ಪಾಸ್‌ವರ್ಡ್ ವಿಷಯ ಎತ್ತುತ್ತಿದ್ದಂತೆ ರೂಟರ್ ಧ್ವನಿ ತಗ್ಗಿಸಿದರು. ಅವರಿಗೆ ಪಾಸ್‌ವರ್ಡ್ ಎರಡು. ಒಂದು ವೈಫೈ ಸೇರಲು. ಇನ್ನೊಂದು ಅವರ ಸೆಟ್ಟಿಂಗ್ಸ್ ತೆರೆಯಲು. “ಮೊದಲನೆಯದು ಯಜಮಾನರ ಮೊಬೈಲ್ ನಂಬರ್. ಹಾಲಿನವರು, ಪೇಪರಿನವರು, ಎದುರುಮನೆಯವರು, ಎಲ್ಲರಿಗೂ ಕಂಠಪಾಠ. ಎರಡನೆಯದೊಂದು ಇದೆ ಅಂತ ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಯೂಸರ್‌ನೇಮ್ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಕೇಬಲ್ ಹುಡುಗ ಹಾಕಿಕೊಟ್ಟು ಹೋದದ್ದು, ನನ್ನ ಬೆನ್ನ ಮೇಲಿನ ಸ್ಟಿಕ್ಕರಿನಲ್ಲೂ ಅಚ್ಚಾಗಿದೆ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಚಿಲಕಕ್ಕೇ ನೇತುಹಾಕಿ ತಿರುಪತಿಗೆ ಹೋದವರನ್ನು ನೋಡಿದ್ದೀರಾ? ಅವರೇ ಇವರು.”

ಬಸವೇಶ್ವರನಗರದ ಒಂದು ಡಬ್ಬಿಯ ಮೇಲೆ ಯಾರಿಗೇನು ಕಣ್ಣು ಎಂದು ಪ್ರತಿನಿಧಿ ಕೇಳಿದ್ದಕ್ಕೆ ರೂಟರ್ ರೇಗಿದರು. ಯಾರಿಗೂ ಈ ಮನೆ ಗೊತ್ತಿರಬೇಕಾಗಿಲ್ಲ, ಕಣ್ಣಿಡುವುದು ಮನುಷ್ಯರೇ ಅಲ್ಲ ಎನ್ನುವುದು ಅವರ ವಾದ. ಅದಕ್ಕೆ ಅವರು ಕೊಟ್ಟ ಸಾಕ್ಷಿ 2016ರ ಮಿರಾಯ್. ಅಮೆರಿಕದ ಮೂವರು ಯುವಕರು ಬರೆದ ಈ ಕುತಂತ್ರಾಂಶದ ಬತ್ತಳಿಕೆಯಲ್ಲಿದ್ದ ಬಾಣ ಒಂದೇ: ಕಾರ್ಖಾನೆಯಲ್ಲೇ ಹಾಕಿಕೊಟ್ಟ 60ಕ್ಕೂ ಹೆಚ್ಚು ಯೂಸರ್‌ನೇಮ್–ಪಾಸ್‌ವರ್ಡ್ ಜೋಡಿಗಳ ಪಟ್ಟಿ. ಅಡ್ಮಿನ್–ಅಡ್ಮಿನ್ ಅದರಲ್ಲಿ ಇತ್ತು, ಇರದೆ ಇರುತ್ತದೆಯೆ? ಇಂಟರ್‌ನೆಟ್ಟಿನಲ್ಲಿ ಸಿಕ್ಕ ಸಿಕ್ಕ ಕ್ಯಾಮೆರಾ, ಡಿವಿಆರ್, ರೂಟರ್‌ಗಳ ಬಾಗಿಲಲ್ಲಿ ಅದು ಆ ಪಟ್ಟಿಯನ್ನು ಒಂದೊಂದಾಗಿ ಪ್ರಯತ್ನಿಸುತ್ತ ಹೋಯಿತು. ತೆರೆದುಕೊಂಡ ಲಕ್ಷಾಂತರ ಯಂತ್ರಗಳು ಅದರ ಸೈನ್ಯವಾದವು. ಸೆಪ್ಟೆಂಬರ್ ಕೊನೆಗೆ ಅದರ ಕೋಡ್ ಬಹಿರಂಗವಾಯಿತು. ಅಲ್ಲಿಂದಾಚೆ ಯಾರು ಬೇಕಾದರೂ ಅದನ್ನು ಎತ್ತಿಕೊಳ್ಳಬಹುದಿತ್ತು. ಅಕ್ಟೋಬರ್ 21ರಂದು, ವೆಬ್‌ಸೈಟುಗಳಿಗೆ ದಾರಿ ತೋರಿಸುವ ಡೈನ್ ಎಂಬ ಕಂಪನಿಯ ಮೇಲೆ ಅಂಥ ಸೈನ್ಯ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್, ರೆಡ್ಡಿಟ್ ಅಮೆರಿಕದ ಬಹುಭಾಗದಲ್ಲಿ ಗಂಟೆಗಟ್ಟಲೆ ಸಿಗಲಿಲ್ಲ. ಮೂಲದ ಮೂವರು 2017ರ ಡಿಸೆಂಬರಿನಲ್ಲಿ ತಪ್ಪೊಪ್ಪಿಕೊಂಡರು. ಮಿರಾಯ್ ಹುಟ್ಟಿನ ಹಿಂದೆ ಇದ್ದದ್ದು ದೇಶದೇಶಗಳ ಯುದ್ಧವೇನಲ್ಲ. ಮೈನ್‌ಕ್ರಾಫ್ಟ್ ಎಂಬ ಮಕ್ಕಳ ಆಟದ ಸರ್ವರ್ ನಡೆಸುವವರ ನಡುವಿನ ಪೈಪೋಟಿ.

“ಅಮೆರಿಕದ ಮಾತು ಬಿಡಿ, ಇಲ್ಲಿಯದನ್ನೇ ಹೇಳ್ತೀನಿ” ಎಂದು ಅವರೇ ಮುಂದುವರಿಸಿದರು. 2017ರ ಜುಲೈಯಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವಲಯದ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳ ಮೇಲೆ ಕುತಂತ್ರಾಂಶ ದಾಳಿಯಾಯಿತು. ನೆಲಕಚ್ಚಿದ್ದು ಕಾರ್ಖಾನೆಯ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದ ಮೋಡೆಮ್‌ಗಳು. ಪಾಸ್‌ವರ್ಡ್ ಬದಲಿಸಿ ಎಂದು ಸಂಸ್ಥೆ ಗ್ರಾಹಕರನ್ನು ಕೇಳಿಕೊಂಡಿತು. “ನನ್ನ ದೊಡ್ಡಪ್ಪನ ಮಕ್ಕಳು ಅವರೆಲ್ಲ. ಒಬ್ಬರಿಗೂ ಸಂತಾಪ ಸಭೆ ನಡೆಯಲಿಲ್ಲ.”

ಇಷ್ಟರಲ್ಲಿ ಒಳಗಿನಿಂದ ಅಜ್ಜಿಯ ಕೂಗು. “ಏ, ವೈಫೈ ಹೋಯ್ತು ನೋಡೋ!” ಹೋಂ ವರ್ಕ್ ಬಿಟ್ಟು ಎದ್ದು ಬಂದ ಮೊಮ್ಮಗ ರೂಟರಿನ ಪ್ಲಗ್ ಕಿತ್ತು, ಹತ್ತು ಎಣಿಸಿ, ಮತ್ತೆ ಚುಚ್ಚಿದ. ಪ್ರತಿನಿಧಿ ಎರಡು ನಿಮಿಷ ಕಾಯಬೇಕಾಯಿತು.

ಎಚ್ಚರವಾದ ಮೇಲೆ ರೂಟರ್ ಈ ವಿದ್ಯೆಯ ಮಹಿಮೆಯನ್ನೇ ಕೊಂಡಾಡಿದರು. 2018ರ ಮೇ ತಿಂಗಳಲ್ಲಿ ವಿಪಿಎನ್‌ಫಿಲ್ಟರ್ ಎಂಬ ಕುತಂತ್ರಾಂಶ 54 ದೇಶಗಳಲ್ಲಿ ಸುಮಾರು 5 ಲಕ್ಷ ರೂಟರ್‌ಗಳಿಗೆ ಹೊಕ್ಕಿದೆ ಎಂದು ಸಿಸ್ಕೊ ಕಂಪನಿಯ ಸಂಶೋಧಕರು ಪತ್ತೆಹಚ್ಚಿದರು. ಅಮೆರಿಕದ ಎಫ್‌ಬಿಐ ಆಗ ಜನರಿಗೆ ಕೊಟ್ಟ ಸಲಹೆ ಏನು ಗೊತ್ತೇ? ರೂಟರ್ ಆಫ್ ಮಾಡಿ ಆನ್ ಮಾಡಿ. “ಅಂಥಾ ಎಫ್‌ಬಿಐ, ಕೊನೆಗೆ ನಮ್ಮ ಕೇಬಲ್ ಹುಡುಗ ಹೇಳುವುದನ್ನೇ ಹೇಳಿತು.” ಆದರೆ ಆ ಮದ್ದಿಗೆ ಮಿತಿಯಿದೆ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಆಫ್ ಮಾಡಿದಾಗ ಆ ಕುತಂತ್ರಾಂಶದ ಮೇಲಿನ ಭಾಗ ಹೋಗುತ್ತಿತ್ತು, ಬುಡ ಉಳಿಯುತ್ತಿತ್ತು. ಮಿರಾಯ್ ಆದರೆ ಪೂರ್ತಿ ಅಳಿಸಿಹೋಗುತ್ತಿತ್ತು. ಆದರೆ ಪಾಸ್‌ವರ್ಡ್ ಹಳೆಯದೇ ಇದ್ದರೆ ಕೆಲವೇ ನಿಮಿಷಗಳಲ್ಲಿ ವಾಪಸ್ ಬರುತ್ತಿತ್ತು.

ರೂಟರ್ ಕೆಟ್ಟರೆ ಮನೆಯವರಿಗೆ ಏನು ನಷ್ಟ, ನೆಟ್ ಬರುತ್ತಿದ್ದರೆ ಸಾಕಲ್ಲವೇ?

“ಸಾಕು ಅಂತಲೇ ಎಲ್ಲರೂ ಅಂದುಕೊಂಡಿರೋದು. ನೀವು ಬ್ಯಾಂಕಿನ ಹೆಸರು ಟೈಪ್ ಮಾಡಿದಾಗ ಅದು ಎಲ್ಲಿದೆ ಅಂತ ದಾರಿ ಕೇಳೋದು ನನ್ನ ಮೂಲಕ. ನನ್ನೊಳಗಿನ ಡಿಎನ್‌ಎಸ್ ಅನ್ನುವ ಒಂದು ಸಾಲನ್ನು ಯಾರಾದರೂ ತಿದ್ದಿದರೆ ನಾನು ತಪ್ಪು ದಾರಿ ತೋರಿಸ್ತೀನಿ. ನನಗೇ ಗೊತ್ತಾಗಲ್ಲ.” 2020ರ ಮಾರ್ಚಿನಲ್ಲಿ, ಜನ ಮನೆಯಲ್ಲಿ ಕೂತ ಹೊಸದರಲ್ಲೇ, ಹೀಗಾಯಿತು. ಕೆಲವು ರೂಟರ್‌ಗಳ ಡಿಎನ್‌ಎಸ್ ಬದಲಿಸಿದ ಕಳ್ಳರು, ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ ಕೋವಿಡ್ ಮಾಹಿತಿಯ ಆ್ಯಪ್ ಹಾಕಿಕೊಳ್ಳಿ ಎಂಬ ಪುಟ ತೋರಿಸಿದರು. ಹಾಕಿಕೊಂಡವರ ಕಂಪ್ಯೂಟರಿನಿಂದ ಪಾಸ್‌ವರ್ಡ್‌ಗಳು ಹೊರಟುಹೋದವು.

ಇನ್ನೊಂದು ಗುಟ್ಟು ಅವರ ಹಿಂಬದಿಯ ಚಿಕ್ಕ ಗುಂಡಿಯದು. ಅದರ ಹೆಸರು ಡಬ್ಲ್ಯುಪಿಎಸ್. ಉದ್ದನೆಯ ಪಾಸ್‌ವರ್ಡ್ ಬರೆಯಲು ಬೇಸರವಾದವರಿಗಾಗಿ ಎಂಟು ಅಂಕಿಯ ಪಿನ್ ಕೊಡುವ ಸೌಲಭ್ಯ. ಎಂಟು ಅಂಕಿ ಎಂದರೆ ಕೋಟಿಗಟ್ಟಲೆ ಸಾಧ್ಯತೆ ಅಲ್ಲವೇ ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ 2011ರಲ್ಲಿ ಸ್ಟೆಫಾನ್ ವೀಬೊಕ್ ಎಂಬ ಸಂಶೋಧಕ ತೋರಿಸಿಕೊಟ್ಟಂತೆ, ರೂಟರ್ ಆ ಪಿನ್ನನ್ನು ಎರಡು ತುಂಡು ಮಾಡಿ ಪರೀಕ್ಷಿಸುತ್ತದೆ. ಮೊದಲ ನಾಲ್ಕು ಸರಿಯೋ ತಪ್ಪೋ ಎಂದು ಆಗಲೇ ಬಾಯಿಬಿಡುತ್ತದೆ. ಕೊನೆಯ ಅಂಕಿ ಬರೀ ತಾಳೆ ನೋಡಲು. ಹಾಗಾಗಿ ಹೆಚ್ಚೆಂದರೆ 11,000 ಪ್ರಯತ್ನ ಸಾಕು. “ಎದುರುಮನೆಯ ಹುಡುಗನಿಗೆ ಬೇಸಿಗೆ ರಜೆ ಇದೆ, ಲ್ಯಾಪ್‌ಟಾಪೂ ಇದೆ” ಎಂದಷ್ಟೇ ಹೇಳಿ ರೂಟರ್ ಸುಮ್ಮನಾದರು. ಸೆಟ್ಟಿಂಗ್ಸ್‌ಗೆ ಹೋಗಿ ಡಬ್ಲ್ಯುಪಿಎಸ್ ಆಫ್ ಮಾಡಲು ಒಂದು ನಿಮಿಷ ಸಾಕಂತೆ.

ಇಷ್ಟು ಕೇಳಿ ಗಾಬರಿಯಾದ ಪ್ರತಿನಿಧಿ, ಹಾಗಾದರೆ ನೆರೆಮನೆಯವರು ಯಜಮಾನರ ಬ್ಯಾಂಕ್ ಪಾಸ್‌ವರ್ಡನ್ನು ಗಾಳಿಯಲ್ಲೇ ಹಿಡಿದುಬಿಡಬಹುದೇ ಎಂದು ಕೇಳಿದರು. ರೂಟರ್ ಇಲ್ಲವೆಂದು ತಲೆಯಾಡಿಸಿದರು. ವಿಪಿಎನ್ ಮಾರುವವರ ಜಾಹೀರಾತು ನೋಡಿ ನೋಡಿ ಜನ ಹೆದರಬೇಕಾದ್ದಕ್ಕೆ ಹೆದರುವುದಿಲ್ಲ, ಹೆದರಬೇಕಿಲ್ಲದ್ದಕ್ಕೆ ನಡುಗುತ್ತಾರೆ ಎಂಬುದು ಅವರ ಸಿಟ್ಟು. ಬ್ಯಾಂಕ್, ಇಮೇಲ್ ಎಲ್ಲವೂ ಈಗ ಎಚ್‌ಟಿಟಿಪಿಎಸ್ ಮೂಲಕ ಗೂಢಲಿಪಿಯಲ್ಲೇ ಸಾಗುತ್ತವೆ. ಸಾಗಿಸುವ ರೂಟರಿಗೂ ಓದಲು ಬರುವುದಿಲ್ಲ. ಆಫೀಸಿನ ವಿಪಿಎನ್ ಕೂಡ ದಾರಿಯನ್ನು ಕಾಪಾಡುತ್ತದೆ. “ಆದರೆ ದಾರಿ ಎಷ್ಟು ಭದ್ರವಾಗಿದ್ದರೇನು, ಆ ತುದಿಯ ಲ್ಯಾಪ್‌ಟಾಪಿನಲ್ಲಿ ಮಗ ಪುಕ್ಕಟೆ ಗೇಮಿನ ಕ್ರ್ಯಾಕ್ ಇಳಿಸಿಕೊಂಡಿದ್ದರೆ? ಭಾನುವಾರ ಆಗಿದ್ದು ಅದೇ. ಅಪ್ಪನ ಆಫೀಸ್ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಚೆನ್ನಾಗಿ ಬರುತ್ತಂತೆ.”

ಮನೆಯ ಕಂಪ್ಯೂಟರ್ ಒಂದರಿಂದ ಕಂಪನಿ ಮುಳುಗುವುದೆಲ್ಲ ಕಟ್ಟುಕತೆ ಎಂದು ಯಜಮಾನರು ಒಮ್ಮೆ ಫೋನಿನಲ್ಲಿ ಹೇಳಿದ್ದನ್ನು ರೂಟರ್ ಕೇಳಿಸಿಕೊಂಡಿದ್ದಾರೆ. ಅದಕ್ಕೆ ಉತ್ತರವಾಗಿ ಅವರು ತೆಗೆದದ್ದು ಲಾಸ್ಟ್‌ಪಾಸ್ ಪ್ರಕರಣ. ಲಾಸ್ಟ್‌ಪಾಸ್‌ನ ಕಸುಬೇ ಜನರ ಪಾಸ್‌ವರ್ಡ್‌ಗಳನ್ನು ಜೋಪಾನವಾಗಿಡುವುದು. ಗ್ರಾಹಕರ ತಿಜೋರಿಗಳ ಬ್ಯಾಕಪ್ ತೆರೆಯುವ ಕೀಲಿಗಳು ಕಂಪನಿಯಲ್ಲಿ ನಾಲ್ವರು ಎಂಜಿನಿಯರ್‌ಗಳ ಕೈಗೆ ಮಾತ್ರ ಸಿಗುತ್ತಿದ್ದವು. 2022ರಲ್ಲಿ ಕಳ್ಳರು ಕಂಪನಿಯ ಗೋಡೆ ಕೊರೆಯುವುದನ್ನು ಬಿಟ್ಟು ಆ ನಾಲ್ವರಲ್ಲಿ ಒಬ್ಬರ ಮನೆಯ ಕಂಪ್ಯೂಟರಿಗೆ ಗುರಿಯಿಟ್ಟರು. ಅದರಲ್ಲಿ ಸಿನಿಮಾ–ಹಾಡುಗಳನ್ನು ಜೋಡಿಸಿಡುವ ಪ್ಲೆಕ್ಸ್ ಎಂಬ ಸಾಫ್ಟ್‌ವೇರ್ ಇತ್ತು. ಅದರಲ್ಲೊಂದು ತೂತು. ಆ ತೂತಿಗೆ ಪ್ಲೆಕ್ಸ್‌ನವರು 2020ರ ಮೇ ತಿಂಗಳಲ್ಲೇ ತೇಪೆ ಕೊಟ್ಟಿದ್ದರು; ಅಲ್ಲಿಂದೀಚೆಗೆ ಸುಮಾರು 75 ಆವೃತ್ತಿಗಳು ಬಂದುಹೋಗಿದ್ದವು ಎಂದು ಆಮೇಲೆ ಅವರೇ ಹೇಳಿಕೊಂಡರು. ಎಂಜಿನಿಯರ್ ಅಪ್‌ಡೇಟ್ ಮಾಡಿರಲಿಲ್ಲ. ಕಳ್ಳರು ಅದರ ಮೂಲಕ ನುಗ್ಗಿ, ಒತ್ತಿದ ಪ್ರತಿ ಕೀಲಿಯನ್ನೂ ದಾಖಲಿಸುವ ತಂತ್ರಾಂಶ ಕೂರಿಸಿ, ಮಾಸ್ಟರ್ ಪಾಸ್‌ವರ್ಡ್ ಟೈಪಾಗುವವರೆಗೂ ಕಾದರು. ಗ್ರಾಹಕರ ತಿಜೋರಿಗಳ ಪ್ರತಿಗಳು ಕಳುವಾದವು.

“ಅಪ್‌ಡೇಟ್ ಅಂತ ಬಂದಾಗ ಎಲ್ಲರೂ ಒತ್ತೋದು ‘ನಂತರ ನೆನಪಿಸು’. 75 ಸಲ ನೆನಪಿಸಿದರು ಸ್ವಾಮಿ, ಇನ್ನೆಷ್ಟು ನೆನಪಿಸಬೇಕು?”

ಅವರಿಗೆ ಬೇಸರವಿರುವುದು ತಮ್ಮ ಕುಲದವರ ಮೇಲಷ್ಟೇ ಆರೋಪ ಬರುವುದಕ್ಕೆ. ಯಂತ್ರ ಎಷ್ಟೇ ಭದ್ರವಾಗಿದ್ದರೂ ಫೋನ್ ಎತ್ತುವವರು ಮನುಷ್ಯರು ಎಂದು ಹೇಳಿ, 2020ರ ಜುಲೈ 15ರ ಟ್ವಿಟರ್ ಕತೆ ಹೇಳಿದರು. ಟ್ವಿಟರ್ ನೌಕರರೆಲ್ಲ ಮನೆಯಿಂದ ಕೆಲಸ ಮಾಡುತ್ತಿದ್ದ ಕಾಲ. ವಿಪಿಎನ್ ಆಗಾಗ ಕೈಕೊಡುತ್ತಿತ್ತು. ಕಳ್ಳರು ನೌಕರರಿಗೆ ಫೋನ್ ಮಾಡಿ, ‘ನಾವು ನಿಮ್ಮ ಐಟಿ ವಿಭಾಗದವರು, ವಿಪಿಎನ್ ಸಮಸ್ಯೆ ಸರಿಮಾಡುತ್ತೇವೆ’ ಎಂದರು. ನಂಬಿದವರು ಥೇಟ್ ಕಂಪನಿಯದರಂತೆಯೇ ಕಾಣುವ ನಕಲಿ ಪುಟದಲ್ಲಿ ಪಾಸ್‌ವರ್ಡ್ ಕೊಟ್ಟರು. ಕಳ್ಳರು ಅದನ್ನು ಅದೇ ಕ್ಷಣ ಅಸಲಿ ಪುಟಕ್ಕೆ ಹಾಕಿದರು. ಮೊಬೈಲಿಗೆ ಬಂದ ಒಪ್ಪಿಗೆಯ ಕೋರಿಕೆಗೂ ನೌಕರರು ಹೂಂಗುಟ್ಟಿದರು. ಕಳ್ಳರು ಗುರಿಯಿಟ್ಟದ್ದು 130 ಖಾತೆಗಳಿಗೆ. ಬರಾಕ್ ಒಬಾಮ, ಜೋ ಬೈಡನ್, ಎಲಾನ್ ಮಸ್ಕ್ ಮುಂತಾದವರ ಖಾತೆಗಳಿಂದ ‘ಬಿಟ್‌ಕಾಯಿನ್ ಕಳಿಸಿ, ದುಪ್ಪಟ್ಟು ಕೊಡುತ್ತೇನೆ’ ಎಂಬ ಘೋಷಣೆ ಹೊರಬಿತ್ತು. ಸಂಗ್ರಹವಾದದ್ದು ಸುಮಾರು 1.18 ಲಕ್ಷ ಡಾಲರ್. ಸೂತ್ರಧಾರನೆಂದು ಸಿಕ್ಕಿಬಿದ್ದವನು ಫ್ಲಾರಿಡಾದ 17 ವರ್ಷದ ಹುಡುಗ.

2022ರ ಸೆಪ್ಟೆಂಬರಿನಲ್ಲಿ ಊಬರ್ ಕಂಪನಿಯಲ್ಲಿ ಇದರ ತಮ್ಮನಂಥದ್ದು ನಡೆಯಿತು. ಗುತ್ತಿಗೆ ನೌಕರರೊಬ್ಬರ ಮೊಬೈಲಿಗೆ ಲಾಗಿನ್ ಒಪ್ಪಿಗೆಯ ಕೋರಿಕೆ ಮೇಲಿಂದ ಮೇಲೆ ಬಂದು, ಕಾಟ ತಾಳಲಾರದೆ ಅವರು ಒಪ್ಪಿಗೆ ಒತ್ತಿದರು. “ನಮ್ಮ ಯಜಮಾನರೂ ಹಾಗೇ. ಒಗ್ಗರಣೆ ಸೀಯುತ್ತಿದ್ದಾಗ ಏನು ಬಂದರೂ ಓಕೆ.”

ನಾಯಕರು ಮಾದರಿಯಾಗಬೇಕಿತ್ತಲ್ಲ ಎಂದದ್ದಕ್ಕೆ ಅವರು ಬ್ರಿಟನ್ ಕಡೆ ಬೆರಳು ತೋರಿಸಿದರು. 2020ರ ಮಾರ್ಚ್ 31ರಂದು ಅಲ್ಲಿನ ಪ್ರಧಾನಿ ಬೋರಿಸ್ ಜಾನ್ಸನ್ ತಮ್ಮ ಮೊದಲ ಡಿಜಿಟಲ್ ಸಂಪುಟ ಸಭೆಯ ಚಿತ್ರವನ್ನು ಟ್ವೀಟ್ ಮಾಡಿದರು. ಚಿತ್ರದ ಮೂಲೆಯಲ್ಲಿ ಝೂಮ್ ಮೀಟಿಂಗ್ ಐಡಿ ಎಲ್ಲರಿಗೂ ಕಾಣುತ್ತಿತ್ತು. ಎರಡು ವಾರ ಕಳೆದ ಮೇಲೆ, ಏಪ್ರಿಲ್ 16ರಂದು, ನಮ್ಮ ಗೃಹ ಸಚಿವಾಲಯ ಝೂಮ್ ಸುರಕ್ಷಿತ ವೇದಿಕೆಯಲ್ಲ ಎಂದು ಎಚ್ಚರಿಸಿ, ಬಳಸಲೇಬೇಕಾದವರು ಹೇಗೆ ಬಳಸಬೇಕೆಂದು ಸೂಚನೆ ಹೊರಡಿಸಿತು. ಯಜಮಾನರು ಅದನ್ನು ಮೂರು ವಾಟ್ಸ್ಆ್ಯಪ್ ಗುಂಪುಗಳಿಗೆ ಫಾರ್ವರ್ಡ್ ಮಾಡಿದರು. ಅದೇ ವಾರ ‘ನನ್ನ ವರ್ಕ್ ಫ್ರಂ ಹೋಮ್ ಮೂಲೆ’ ಎಂದು ಲಿಂಕ್ಡ್‌ಇನ್‌ನಲ್ಲಿ ಫೋಟೊ ಹಾಕಿದರು. ಮಾನಿಟರಿಗೆ ಅಂಟಿಸಿದ್ದ ಹಳದಿ ಚೀಟಿಯಲ್ಲಿ ಆಫೀಸಿನ ಪಾಸ್‌ವರ್ಡ್ ಸ್ಪಷ್ಟವಾಗಿ ಓದಬಹುದಿತ್ತು. 212 ಲೈಕು ಬಂದವು.

ಕಂಪನಿಗಳು ನೌಕರರಿಗೆ ತರಬೇತಿ ಕೊಡುತ್ತವಲ್ಲ?

“ವರ್ಷಕ್ಕೊಮ್ಮೆ ವಿಡಿಯೊ ಬರುತ್ತೆ, ನಾನೇ ಸಾಗಿಸ್ತೀನಿ. ನಲವತ್ತು ನಿಮಿಷದ್ದು. ಯಜಮಾನರು ಮ್ಯೂಟ್ ಮಾಡಿ ಬೀನ್ಸ್ ಬಿಡಿಸ್ತಾರೆ. ಕೊನೆಯಲ್ಲಿ ಹತ್ತು ಪ್ರಶ್ನೆ. ಉತ್ತರಗಳು ಟೀಮಿನ ಗುಂಪಿನಲ್ಲಿ ಮೊದಲೇ ಬಂದಿರುತ್ತವೆ. ನೂರಕ್ಕೆ ನೂರು. ಆ ವಿಡಿಯೊದಲ್ಲಿ ಮುಸುಕು ಹಾಕಿಕೊಂಡ ಹ್ಯಾಕರ್ ಕತ್ತಲಲ್ಲಿ ಕೂತಿರ್ತಾನೆ. ನನ್ನ ಚಿತ್ರ ಒಂದು ಸಲವಾದರೂ ತೋರಿಸಿದ್ದಾರಾ ಕೇಳಿ.”

ಯಜಮಾನರನ್ನು ಇಷ್ಟೆಲ್ಲ ಹಂಗಿಸಿದ ರೂಟರ್ ತೀರ್ಪು ಕೊಡುವಾಗ ಮಾತ್ರ ಅವರ ಪರ ನಿಂತರು. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದವರು ನೆಟ್‌ವರ್ಕ್ ಎಂಜಿನಿಯರೂ ಆಗಬೇಕೆಂದು ನಿರೀಕ್ಷಿಸುವುದು ಯಾವ ನ್ಯಾಯ? ಕಚೇರಿಯ ಬಾಡಿಗೆ, ಕರೆಂಟು, ಕ್ಯಾಬು ಉಳಿಸಿಕೊಂಡ ಕಂಪನಿ ಬಾಗಿಲು ಕಾಯುವ ಕೆಲಸವನ್ನೂ ನೌಕರನ ತಲೆಗೇ ಕಟ್ಟಿತು. ಅಡ್ಮಿನ್–ಅಡ್ಮಿನ್ ಎಂದು ಅಚ್ಚುಹಾಕಿ ಮಾರಿದ್ದು ತಯಾರಕರು. ಕೂರಿಸಿ, ಸಹಿ ಹಾಕಿಸಿಕೊಂಡು ಹೋದದ್ದು ಬ್ರಾಡ್‌ಬ್ಯಾಂಡಿನವರು. ಇವರಲ್ಲಿ ಯಾರನ್ನು ಕೇಳಿದರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಮಾರುವವರನ್ನೇ ಹಿಡಿಯಬಹುದು ಎಂಬುದಕ್ಕೆ ಹೊರಗೆ ಉದಾಹರಣೆಗಳಿವೆ. ಇಂಟರ್‌ನೆಟ್ಟಿಗೆ ಜೋಡಿಸುವ ಪ್ರತಿ ಸಾಧನಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಇರಬೇಕು, ಇಲ್ಲವೇ ಮೊದಲ ಬಳಕೆಯಲ್ಲೇ ಬದಲಿಸುವಂತೆ ಒತ್ತಾಯಿಸಬೇಕು ಎಂಬ ಕಾನೂನು ಕ್ಯಾಲಿಫೋರ್ನಿಯದಲ್ಲಿ 2020ರ ಜನವರಿ 1ರಿಂದ ಜಾರಿಯಲ್ಲಿದೆ. ಬ್ರಿಟನ್ 2024ರ ಏಪ್ರಿಲ್ 29ರಿಂದ ಎಲ್ಲ ಸಾಧನಗಳಿಗೂ ಒಂದೇ ಎನ್ನುವಂಥ ಪಾಸ್‌ವರ್ಡ್‌ಗಳನ್ನು ನಿಷೇಧಿಸಿತು. ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಕೊಡುತ್ತೇವೆಂದು ತಯಾರಕರು ಮೊದಲೇ ಹೇಳಬೇಕೆಂದೂ ಕಟ್ಟುಮಾಡಿತು.

ಅಪ್‌ಡೇಟಿನ ಈ ಮಾತು ಅವರಿಗೆ ವೈಯಕ್ತಿಕವಾಗಿಯೂ ಮುಖ್ಯ. “ನನಗೆ ಅಪ್‌ಡೇಟ್ ಬರುವುದು ನಿಂತು ಎಷ್ಟೋ ಕಾಲವಾಯಿತು. ನಾನು ನಿವೃತ್ತ. ಇಲ್ಲಿ ಯಾರಿಗೂ ತಿಳಿಸಿಲ್ಲ ಅಷ್ಟೆ.” ನಿವೃತ್ತ ರೂಟರ್‌ಗಳ ಪಾಡು ಏನೆಂಬುದು 2024ರ ಜನವರಿ 31ರಂದು ಅಮೆರಿಕ ಪ್ರಕಟಿಸಿದ ಸಂಗತಿಯಿಂದ ಗೊತ್ತಾಗುತ್ತದೆ. ಕಂಪನಿಗಳು ಅಪ್‌ಡೇಟ್ ನಿಲ್ಲಿಸಿದ್ದ ನೂರಾರು ಹಳೆಯ ಸಿಸ್ಕೊ, ನೆಟ್‌ಗಿಯರ್ ರೂಟರ್‌ಗಳನ್ನು ವೋಲ್ಟ್ ಟೈಫೂನ್ ಎಂಬ ಹ್ಯಾಕರ್ ಗುಂಪು, ತಾನಿರುವ ಜಾಗ ಮರೆಮಾಚಲು ಬಳಸಿಕೊಂಡಿತ್ತು. ಅವನ್ನು ಶುಚಿ ಮಾಡಲು ನ್ಯಾಯಾಲಯದ ಅನುಮತಿ ಬೇಕಾಯಿತು.

ಯಜಮಾನರ ನಾಲ್ಕು ಗಂಟೆಯ ಮೀಟಿಂಗ್ ಹತ್ತಿರವಾಗಿತ್ತು. ಓದುಗರಿಗೆ ಏನಾದರೂ ಹೇಳುವುದಿದೆಯೇ ಎಂದು ಪ್ರತಿನಿಧಿ ಕೇಳಿದರು.

“ಈ ಭಾನುವಾರ ಅರ್ಧ ಗಂಟೆ ನನಗೆ ಕೊಡಿ. ಸೆಟ್ಟಿಂಗ್ಸ್ ತೆರೆದು ಎರಡು ಪಾಸ್‌ವರ್ಡೂ ಬದಲಿಸಿ. ನಾಲ್ಕು ಸಂಬಂಧವಿಲ್ಲದ ಪದ ಜೋಡಿಸಿದರೆ ಉದ್ದವೂ ಆಗುತ್ತೆ, ನೆನಪೂ ಇರುತ್ತೆ. ಹೊರಗಿನಿಂದ ನನ್ನ ಸೆಟ್ಟಿಂಗ್ಸ್ ತೆರೆಯಲು ಬಿಡುವ ರಿಮೋಟ್ ಮ್ಯಾನೇಜ್‌ಮೆಂಟ್ ಆನ್ ಇದ್ದರೆ ತೆಗೀರಿ. ಟಿವಿ, ಕ್ಯಾಮೆರಾ, ಬಂದ ನೆಂಟರು, ಇವರನ್ನೆಲ್ಲ ಗೆಸ್ಟ್ ನೆಟ್‌ವರ್ಕಿಗೆ ಹಾಕಿ, ಆಫೀಸಿನ ಲ್ಯಾಪ್‌ಟಾಪ್ ಬೇರೆ ಇರಲಿ. ಐಟಿಯವರು ಅಂತ ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಟ್ಟು ನಿಮ್ಮ ಹತ್ತಿರ ಇರುವ ನಂಬರಿಗೆ ನೀವೇ ಮಾಡಿ. ಮತ್ತೆ ಒಂದು ಮಾತು. ತಪ್ಪು ಲಿಂಕ್ ಒತ್ತಿದ್ದರೆ ಮುಚ್ಚಿಡಬೇಡಿ. ಯಜಮಾನರು ಒಮ್ಮೆ ನಾಚಿಕೆಗೆ ಮೂರು ದಿನ ಬಾಯಿ ಬಿಡಲಿಲ್ಲ.”

ಕಂಪನಿಗೆ ಅಷ್ಟು ಪುರಸೊತ್ತಿಲ್ಲ: 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ, ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಕಂಪನಿಗಳು ವರದಿ ಮಾಡಬೇಕು. ಹಣ ಹೋಗಿದ್ದರೆ ಯಾರಿಗಾದರೂ ತೆರೆದಿರುವ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930. ಎಷ್ಟು ಬೇಗ ಫೋನ್ ಮಾಡಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.